ಡೆನಿಸನ ಹೆಸರಿನ ಮುಂದಿನ ಚುಕ್ಕೆ

ಬೊರ್ಗೊರೀವದ ಫುಟ್‌ಬಾಲ್ ಮೈದಾನದಲ್ಲಿ ಆಟಗಾರರು ಕೂರುವ ಬೆಂಚಿನ ಮೇಲೆ ಹಳೆಯದೊಂದು ಪ್ಲಾಸ್ಟಿಕ್ ಚಪ್ಪರವಿದೆ. ಅದರ ಒಳಬದಿಗೆ ಮಿರೆಲ್ಲಾ ಪ್ರತಿ ಭಾನುವಾರ ಎರಡು ಬಟ್ಟೆಕ್ಲಿಪ್ಪು ಸಿಕ್ಕಿಸಿ ಒಂದು ಹಾಳೆ ತೂಗುಹಾಕುತ್ತಿದ್ದಳು. ಹಾಳೆಯಲ್ಲಿ ಇಪ್ಪತ್ತು ಆಟಗಾರರ ಹೆಸರು, ಅವರ ಅಂಗಿಯ ನಂಬರು, ಮತ್ತು ಕೆಲವರ ಹೆಸರಿನ ಮುಂದೆ ಪೆನ್ಸಿಲ್ಲಿನ ಒಂದು ಚುಕ್ಕೆ.

ಚುಕ್ಕೆ ಇದ್ದವನು ಚಿಕ್ಕವನು. ಆರನೇ ದರ್ಜೆಯ ಪಂದ್ಯಗಳಿಗೆ ಒಂದು ನಿಯಮವಿತ್ತು. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಮೈದಾನದೊಳಗಿನ ಹನ್ನೊಂದು ಜನರಲ್ಲಿ ಕಡೇಪಕ್ಷ ಇಬ್ಬರು ಎರಡು ಸಾವಿರದ ಐದನೇ ಇಸವಿಯಲ್ಲೋ ಆಮೇಲೋ ಹುಟ್ಟಿದವರಿರಬೇಕು. ವರ್ಷ ವರ್ಷವೂ ಆ ಇಸವಿ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ಒಂದು ಗಳಿಗೆ ಲೆಕ್ಕ ತಪ್ಪಿದರೂ ಎದುರಾಳಿ ಕ್ಲಬ್ಬಿನವರು ಒಂದು ದೂರು ಬರೆದು ಕಳಿಸಿದರೆ ಸಾಕು, ವಾರದೊಳಗೆ ಪಂದ್ಯ ಸೊನ್ನೆ–ಮೂರು ಎಂದು ತೀರ್ಪಾಗುತ್ತದೆ. ಅಲ್ಲಿಯವರು ಇದಕ್ಕೆ ಮೇಜಿನ ಮೇಲೆ ಸೋಲುವುದು ಎನ್ನುತ್ತಾರೆ. ಬೆವರು ಸುರಿಸಿ ಗೆದ್ದದ್ದನ್ನು ಮೇಜಿನ ಮೇಲೆ ಸೋತ ಊರುಗಳು ಅಲ್ಲಿ ಹರಿಯುವ ನದಿಯ ಎರಡೂ ದಂಡೆಯಲ್ಲಿ ಬೇಕಾದಷ್ಟಿವೆ.

ಕೋಚ್ ರುಜ್ಜೇರೊ ಆಟದ ಬಿಸಿಯಲ್ಲಿ ಹುಟ್ಟಿದ ಇಸವಿಗಳನ್ನು ನೆನಪಿಡುವ ಜಾತಿಯವನಲ್ಲ. ಅದಕ್ಕೇ ಚುಕ್ಕೆ. ಯಾರನ್ನಾದರೂ ಹೊರಗೆ ಕರೆಯುವ ಮೊದಲು ಅವನು ಹಾಳೆಯತ್ತ ತಿರುಗಿ, ಒಳಗೆಷ್ಟು ಚುಕ್ಕೆ ಉಳಿಯುತ್ತದೆ ಎಂದು ಬೆರಳಲ್ಲಿ ಎಣಿಸುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಪಂದ್ಯದ ಕಾಗದಪತ್ರ ಬರೆಯುವವಳು, ಆಟಗಾರರ ಗುರುತಿನ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಾಪಾಡುವವಳು, ಅಂಗಿ ಒಗೆಯುವವಳು, ಮಧ್ಯಂತರಕ್ಕೆ ನಿಂಬೆಹಣ್ಣು ಹಿಂಡಿದ ಬಿಸಿ ಚಹ ಕೊಡುವವಳು ಎಲ್ಲಾ ಮಿರೆಲ್ಲಾನೇ. ಅವಳು ಇಟ್ಟ ಚುಕ್ಕೆ ಇದುವರೆಗೆ ಒಂದು ಸಲವೂ ತಪ್ಪಿರಲಿಲ್ಲ.

ಮೇ ತಿಂಗಳ ಆ ಭಾನುವಾರ ಹಾಳೆಯಲ್ಲಿ ನಾಲ್ಕು ಚುಕ್ಕೆಗಳಿದ್ದವು. ಎಡಬದಿಯ ಬ್ಯಾಕ್ ತೊಮಾಸ್, ಬಲಬದಿಯಲ್ಲಿ ಓಡುವ ಅಲ್ವೀಸೆ, ಬೆಂಚಿನಲ್ಲಿ ಕೂತ ಡೆನಿಸ್, ಮತ್ತೆ ಎರಡನೇ ಗೋಲ್‌ಕೀಪರ್ ಇಲಿಯಾಸ್. ಇನ್ನಿಬ್ಬರು ಚಿಕ್ಕವರಲ್ಲಿ ಒಬ್ಬನಿಗೆ ಕಾರ್ಡಿನ ಶಿಕ್ಷೆ, ಇನ್ನೊಬ್ಬನಿಗೆ ಮೂರು ದಿನದಿಂದ ಜ್ವರ. ಇಲಿಯಾಸನ ಚುಕ್ಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹದಿನೇಳು ವರ್ಷದ ಆ ಹುಡುಗ ಇಡೀ ವರ್ಷ ಹಸಿರು ಅಂಗಿ ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದ, ಒಂದು ನಿಮಿಷವೂ ಆಡಿರಲಿಲ್ಲ. ಅವನ ಅಮ್ಮ ಭಾನುವಾರವೂ ಹಸಿರುಮನೆಗಳಲ್ಲಿ ಟೊಮೆಟೊ ಬಿಡಿಸಲು ಹೋಗುತ್ತಿದ್ದುದರಿಂದ ಪಂದ್ಯ ಮುಗಿದ ಮೇಲೆ ಅವನನ್ನು ಮನೆಗೆ ಬಿಡುವುದು ಮಿರೆಲ್ಲಾಳ ಕಾರು.

ಪಂದ್ಯ ನದಿಯಾಚೆಯ ಪೊಂತಾಲ್ತೊ ಮೇಲೆ. ಸೋತವರು ಏಳನೇ ದರ್ಜೆಗೆ ಇಳಿಯುತ್ತಾರೆ. ಬೊರ್ಗೊರೀವಕ್ಕೆ ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇಳಿದರೆ ಮುಂದಿನ ವರ್ಷ ಕ್ಲಬ್ಬು ನಡೆಸುವುದಿಲ್ಲ, ಪೊಂತಾಲ್ತೊ ಜೊತೆ ಸೇರಿಸಿಬಿಡುತ್ತೇನೆ ಎಂದು ಕ್ಲಬ್ಬಿನ ಅಧ್ಯಕ್ಷ ಈಸ್ಟರ್ ಊಟದ ದಿನವೇ ಹೇಳಿದ್ದ. ಹೆಸರು ಅವರದು, ಬಣ್ಣ ಅವರದು, ಮೈದಾನವೂ ಅವರದೇ. ಆ ಮಾತು ಕೇಳಿದಾಗಿನಿಂದ ಮಿರೆಲ್ಲಾ ಕಡುಗೆಂಪು ಅಂಗಿಗಳನ್ನು ಹಗ್ಗಕ್ಕೆ ಹಾಕುವಾಗ ಕಾಲರನ್ನು ಒಂದು ಸಲ ಹೆಚ್ಚಾಗಿ ಎಳೆದು ನೇರ ಮಾಡುತ್ತಿದ್ದಳು. ಸತ್ತ ಗಂಡ ಸಾಂತೆ ಬದುಕಿರುವಾಗ ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯುತ್ತಿದ್ದ ಮೈದಾನ ಅದು. ಅದರಲ್ಲಿ ಹುಲ್ಲು ಆಳೆತ್ತರ ಬೆಳೆಯುವುದನ್ನು ಅವಳಿಗೆ ಕಲ್ಪಿಸಿಕೊಳ್ಳಲಾಗುತ್ತಿರಲಿಲ್ಲ.

ಒಂದು ಸಮಾಧಾನವೆಂದರೆ, ವರ್ಷದ ಪಟ್ಟಿಯಲ್ಲಿ ಬೊರ್ಗೊರೀವ ಒಂದು ಸ್ಥಾನ ಮೇಲಿತ್ತು. ತೊಂಬತ್ತು ನಿಮಿಷದಲ್ಲಿ ಸಮವಾದರೆ ಇನ್ನೂ ಅರ್ಧ ಗಂಟೆ ಆಡಬೇಕು, ಆಗಲೂ ಸಮವಾದರೆ ಬೊರ್ಗೊರೀವ ಉಳಿಯುತ್ತದೆ.

ತೊಂಬತ್ತು ನಿಮಿಷಕ್ಕೆ ಒಂದು–ಒಂದು ಆಯಿತು. ಹೆಚ್ಚುವರಿ ಆಟದ ಮೊದಲ ಕಾಲು ಗಂಟೆಯೂ ಹಾಗೇ ಕಳೆಯಿತು. ಎರಡನೇ ಕಾಲು ಗಂಟೆಯ ನಾಲ್ಕನೇ ನಿಮಿಷದಲ್ಲಿ ಅಲ್ವೀಸೆ ಚೆಂಡಿನ ಹಿಂದೆ ಓಡುತ್ತಿದ್ದವನು ತೊಡೆಯ ಹಿಂಭಾಗ ಹಿಡಿದುಕೊಂಡು, ಯಾರೋ ಕಲ್ಲು ಹೊಡೆದರೇನೋ ಎಂಬಂತೆ ಹಿಂತಿರುಗಿ ನೋಡಿ ಕುಸಿದ. ಇನ್ನು ಹನ್ನೊಂದು ನಿಮಿಷವಿತ್ತು. ಐದು ಬದಲಾವಣೆಗಳಲ್ಲಿ ಒಂದೇ ಒಂದು ಬಾಕಿ ಉಳಿದಿತ್ತು.

ರುಜ್ಜೇರೊ ಹಾಳೆಯತ್ತ ತಿರುಗಿದ. ತೊಮಾಸ್ ಒಳಗಿದ್ದಾನೆ, ಒಂದು. ಡೆನಿಸ್ ಅರವತ್ತನೇ ನಿಮಿಷದಲ್ಲಿ ಒಳಗೆ ಹೋದವನು, ಎರಡು. ಬೆರಳು ಮಡಚಿ ಮೈಕೋಲನನ್ನು ಎಬ್ಬಿಸಿದ. ಮೈಕೋಲ್ ಮೂವತ್ತೆಂಟು ವರ್ಷದವನು, ಬಾಗಿಲಿಗೆ ಅಡ್ಡ ನಿಲ್ಲಿಸಿದ ಬೀರುವಿನಂಥವನು. ಓಡುವುದು ಅವನಿಂದ ಆಗದು, ಆದರೆ ಹನ್ನೊಂದು ನಿಮಿಷ ಗೋಲಿನ ಮುಂದೆ ನಿಂತು ಬಂದದ್ದನ್ನೆಲ್ಲ ತಲೆಯಲ್ಲಿ ಹೊಡೆಯಬಲ್ಲ.

ಮಿರೆಲ್ಲಾ ಬದಲಾವಣೆಯ ಚೀಟಿ ಬರೆದು ಗೆರೆ ಬದಿಯ ರೆಫರಿಯ ಕೈಗೆ ಕೊಟ್ಟಳು. ನಂಬರಿನ ಹಲಗೆ ಎತ್ತಿ ಹಿಡಿದಳು. ಏಳು ಹೊರಗೆ, ಹದಿನಾಲ್ಕು ಒಳಗೆ. ಅಲ್ವೀಸೆಯನ್ನು ಇಬ್ಬರು ಹೆಗಲ ಮೇಲೆ ಹೊತ್ತು ಇಂಚಿಂಚಾಗಿ ಗೆರೆಯತ್ತ ತರುತ್ತಿದ್ದರು. ಮೈಕೋಲ್ ಗೆರೆಯ ಹೊರಗೆ ನಿಂತು ಒಂದೊಂದೇ ಮೊಣಕಾಲು ಎತ್ತಿ ಇಳಿಸುತ್ತಿದ್ದ.

ಪೊಂತಾಲ್ತೊದವರು ಬೇಲಿಯ ಆಚೆಯಿಂದ ಕೂಗುತ್ತಿದ್ದರು. ಬೊರ್ಗೊರೀವದವರು ತಗ್ಗಿನವರು, ಹಾಗಾಗಿ ಪೊಂತಾಲ್ತೊದವರ ಬಾಯಲ್ಲಿ ಅವರಿಗೆ ಯಾವಾಗಲೂ ಕಪ್ಪೆಗಳೆಂದೇ ಹೆಸರು. ಕಪ್ಪೆಗಳು ಹೊತ್ತು ಕಳೆಯೋ ನಾಟಕ ಆಡ್ತಿವೆ ಅಂತ ಒಬ್ಬ, ಹೆಣ ಹೊರೋವಾಗ್ಲೂ ಇದಕ್ಕಿಂತ ಬೇಗ ನಡೀತಾರೆ ಅಂತ ಇನ್ನೊಬ್ಬ. ಅವರ ಬೆಂಚಿನಲ್ಲಿದ್ದವರೂ ಎದ್ದು ನಿಂತು ಗಡಿಯಾರ ತೋರಿಸುತ್ತಿದ್ದರು.

ಒಬ್ಬ ಮಾತ್ರ ತೋರಿಸುತ್ತಿರಲಿಲ್ಲ.

ಗೊತ್ತಾರ್ದೊ ಪೊಂತಾಲ್ತೊದಲ್ಲಿ ಮಿರೆಲ್ಲಾ ಮಾಡುವ ಕೆಲಸವನ್ನೇ ಮಾಡುವವನು. ಎಪ್ಪತ್ತು ದಾಟಿದ, ಬಡಕಲು ಮೈಯ ಮನುಷ್ಯ. ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ವಿಳಾಸ ಓದಿ ಓದಿ, ಯಾವ ಕಾಗದ ಕೊಟ್ಟರೂ ಕೊನೆಯ ಸಾಲಿನವರೆಗೆ ಓದದೆ ಬಿಡುತ್ತಿರಲಿಲ್ಲ. ಕಳೆದ ಮೂರು ವರ್ಷದಲ್ಲಿ ಎರಡು ಪಂದ್ಯಗಳನ್ನು ಮೇಜಿನ ಮೇಲೆ ಗೆದ್ದು ಕೊಟ್ಟಿದ್ದ. ಈಗ ಅವನು ಕನ್ನಡಕ ಏರಿಸಿ, ಜೇಬಿನಿಂದ ಹುಟ್ಟಿದ ದಿನಾಂಕಗಳಿರುವ ಬೊರ್ಗೊರೀವದ ಪಟ್ಟಿಯ ಪ್ರತಿ ತೆಗೆದು ಮೊಣಕಾಲ ಮೇಲೆ ಬಿಡಿಸಿಕೊಂಡಿದ್ದ. ಒಂದು ಕೈಯಲ್ಲಿ ಪಕ್ಕದವನ ತೋಳು ಹಿಡಿದು ಕೆಳಗೆ ಜಗ್ಗಿ, ಸುಮ್ಮನೆ ಕೂರು ಎಂದು ಕಣ್ಣಲ್ಲೇ ಹೇಳಿದ. ಆಮೇಲೆ ಮೈಕೋಲನ ಕಾಲುಗಳನ್ನು ನೋಡುತ್ತ ಕೂತ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವವರು ನೋಡುವ ಹಾಗೆ.

ಅದು ಮಿರೆಲ್ಲಾಳ ಕಣ್ಣಿಗೆ ಬಿತ್ತು. ಗೋಲು ಬೇಕಾಗಿರುವುದು ಅವರಿಗೆ. ಹೊತ್ತು ಹೋಗುತ್ತಿರುವುದು ಅವರದು. ಮತ್ತೆ ಈ ಮುದುಕ ಯಾಕೆ ತನ್ನವರ ಬಾಯಿ ಮುಚ್ಚಿಸುತ್ತಿದ್ದಾನೆ?

ಹಲಗೆ ಹಿಡಿದುಕೊಂಡೇ ಅವಳು ಎಣಿಸಿದಳು. ತೊಮಾಸ್, ಎರಡು ಸಾವಿರದ ಆರು. ಡೆನಿಸ್.

ಡೆನಿಸನನ್ನು ಎಲ್ಲರೂ ಮರಿ ಎಂದೇ ಕರೆಯುತ್ತಿದ್ದರು. ಹದಿನೈದಕ್ಕೇ ದೊಡ್ಡವರ ತಂಡಕ್ಕೆ ಬಂದವನು, ಆಗಿನಿಂದ ಮರಿ. ಕಳೆದ ವರ್ಷ ಪ್ರತಿ ಭಾನುವಾರ ಅವನ ಹೆಸರಿನ ಮುಂದೆ ಚುಕ್ಕೆ ಇಟ್ಟು ಇಟ್ಟು ಅವಳ ಕೈಗೆ ಅಭ್ಯಾಸವಾಗಿತ್ತು. ಈ ವರ್ಷ ಮೊದಲ ಪಂದ್ಯಕ್ಕೂ ಮುಂಚೆ ಅವನ ಮೊಣಕಾಲು ಹೋಯಿತು. ಆಪರೇಶನ್ನು, ಊರುಗೋಲು, ಚಳಿಗಾಲವಿಡೀ ಈಜುಕೊಳದಲ್ಲಿ ನಡಿಗೆ. ಒಂಬತ್ತು ತಿಂಗಳ ಮೇಲೆ ಇವತ್ತೇ ಮೊದಲ ಸಲ ಅವನ ಹೆಸರು ಪಟ್ಟಿಗೆ ಬಂದದ್ದು. ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ, ಒಂದು ಕಡೆ ಸಾರು ಕುದಿಯುತ್ತಿರುವಾಗ, ಖುಷಿಯಲ್ಲೇ ಅವಳು ಆ ಹೆಸರು ಬರೆದಿದ್ದಳು. ಬರೆದ ಬೆನ್ನಿಗೇ ಕೈ ತಾನಾಗಿ ಚುಕ್ಕೆ ಇಟ್ಟಿತ್ತು.

ಅವನು ಹುಟ್ಟಿದ್ದು ಎರಡು ಸಾವಿರದ ನಾಲ್ಕರಲ್ಲಿ. ಡಿಸೆಂಬರ್ ಇಪ್ಪತ್ತೊಂಬತ್ತು. ಕೈ ಚಾಚಿದರೆ ಕೈ ಕಾಣದಂಥ ಮಂಜಿನ ಬೆಳಿಗ್ಗೆ. ಅವನ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮಿರೆಲ್ಲಾಳ ಕಾರಿನಲ್ಲೇ. ಮೂರು ದಿನ ತಡೆದಿದ್ದರೆ ಹೊಸ ವರ್ಷದ ಮಗು ಆಗುತ್ತಿತ್ತು ಎಂದು ಆ ದಿನ ನಕ್ಕದ್ದೂ ನೆನಪಿತ್ತು. ಬೇರೆ ಯಾರು ಮರೆತರೂ ಅವಳು ಮರೆಯುವ ದಿನವಲ್ಲ ಅದು. ಕಳೆದ ವರ್ಷದ ಲೆಕ್ಕಕ್ಕೆ ಅವನು ಚಿಕ್ಕವನಾಗಿದ್ದ, ಈ ವರ್ಷದ ಲೆಕ್ಕಕ್ಕೆ ಅಲ್ಲ.

ಅಲ್ವೀಸೆ ಹೊರಗೆ, ಮೈಕೋಲ್ ಒಳಗೆ ಆದರೆ ಮೈದಾನದಲ್ಲಿ ಉಳಿಯುವ ಚಿಕ್ಕವನು ಒಬ್ಬನೇ.

ಅಲ್ವೀಸೆ ಗೆರೆಯ ಹತ್ತಿರ ಬಂದಿದ್ದ. ರೆಫರಿ, ನಗರದಿಂದ ಬಂದ ಇಪ್ಪತ್ತನಾಲ್ಕರ ಹುಡುಗಿ, ಮೈಕೋಲನಿಗೆ ಬಾ ಎಂದು ಕೈ ಬೀಸಿದಳು. ಹೊರಗೆ ಹೋದವನಿಂದ ಏನೂ ಕೆಡುವುದಿಲ್ಲ, ಒಳಗೆ ಬರುವವನು ಹುಲ್ಲಿನ ಮೇಲೆ ಕಾಲಿಟ್ಟಾಗಲೇ ಬದಲಾವಣೆ ಮುಗಿಯುವುದು. ಇದೂ ಮಿರೆಲ್ಲಾಗೆ ಗೊತ್ತಿತ್ತು, ಗೊತ್ತಾರ್ದೊಗೂ ಗೊತ್ತಿತ್ತು. ಅವಳು ಕೂಗೋಣವೆಂದು ಬಾಯಿ ತೆರೆದಳು. ಆ ಗದ್ದಲದಲ್ಲಿ ಕೂಗು ಯಾರ ಕಿವಿಗೂ ಬೀಳುವಂತಿರಲಿಲ್ಲ. ಹಲಗೆ ಕೈಬಿಟ್ಟು ಎರಡು ಹೆಜ್ಜೆ ಓಡಿ, ಮೈಕೋಲ್ ಕಾಲು ಎತ್ತುವಷ್ಟರಲ್ಲಿ ಹಿಂದಿನಿಂದ ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು.

ಅರವತ್ತೊಂದು ವರ್ಷದ ಹೆಂಗಸು ತೊಂಬತ್ತು ಕಿಲೋದ ಗಂಡಸನ್ನು ಜಗ್ಗಿದರೆ ಏನಾಗಬೇಕೋ ಅದೇ ಆಯಿತು. ಅಂಗಿಯ ಹೊಲಿಗೆ ಪರ್ರೆಂದು ಬಿಟ್ಟಿತು, ಇಬ್ಬರೂ ಮಣ್ಣಿಗೆ ಕೂತರು. ಬೇಲಿಯ ಆಚೆ ಈಚೆ ಒಂದೇ ನಗು.

"ಏನ್ ಮಾಡ್ತಿದೀಯ ಮಿರೆಲ್ಲಾ?" ರುಜ್ಜೇರೊನ ಮುಖ ಬಿಳಿಚಿತ್ತು. "ತಲೆ ಕೆಟ್ಟಿದ್ಯಾ ನಿಂಗೆ?"

"ಒಬ್ಬ ಕಮ್ಮಿ," ಎಂದಳು. ಉಸಿರು ಸಾಲುತ್ತಿರಲಿಲ್ಲ. "ಮರಿ ಚಿಕ್ಕವನಲ್ಲ. ನಾಲ್ಕನೇ ಇಸವಿ ಅವನು. ಮೈಕೋಲ್ ಕಾಲಿಟ್ರೆ ಎಲ್ಲಾ ಹೋಯ್ತು."

ರುಜ್ಜೇರೊ ಅವಳನ್ನು ನೋಡಿದ, ಮೈದಾನದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಡೆನಿಸನನ್ನು ನೋಡಿದ. ಕೇಳಬೇಕಾದ್ದನ್ನು ಕೇಳಲು ಹೊತ್ತಿರಲಿಲ್ಲ. ಅಲ್ವೀಸೆ ನಾನು ಕುಂಟಿಕೊಂಡೇ ನಿಂತಿರುತ್ತೇನೆ ಮಿಸ್ಟರ್ ಎಂದ. ಕೋಚನ್ನು ಅಲ್ಲೆಲ್ಲ ಮಿಸ್ಟರ್ ಎಂದೇ ಕರೆಯುವುದು. ಹೇಳಿದವನು ಎದ್ದು ನಿಲ್ಲಲು ಹೋಗಿ ಮತ್ತೆ ಬಿದ್ದ.

ರೆಫರಿ ಹುಡುಗಿ ಬಂದು ಮಿರೆಲ್ಲಾಳ ಮುಖದ ಮುಂದೆ ಹಳದಿ ಕಾರ್ಡು ಎತ್ತಿದಳು. ಇಪ್ಪತ್ತೆರಡು ವರ್ಷದಲ್ಲಿ ಮಿರೆಲ್ಲಾಗೆ ಮೊದಲ ಕಾರ್ಡು. ಬದಲಾವಣೆ ಮಾಡ್ತೀರೋ ಇಲ್ಲವೋ, ಒಂದೇ ನಿಮಿಷ ಕೊಡ್ತೀನಿ ಎಂದಳು. ಆಚೆಯ ಬೆಂಚಿನಲ್ಲಿ ಗೊತ್ತಾರ್ದೊ ಎದ್ದು ನಿಂತಿದ್ದ. ಚೀಟಿ ಕೊಟ್ಟಾಗಿದೆ, ಈಗ ಬದಲಾಯಿಸೋ ಹಾಗಿಲ್ಲ ಎಂದು ಗೆರೆ ಬದಿಯ ರೆಫರಿಯ ಹತ್ತಿರ ವಾದಕ್ಕಿಳಿದಿದ್ದ. ಕಾಲಿಡೋವರೆಗೂ ಬದಲಾಯಿಸಬಹುದು, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ ಎಂದು ಆ ರೆಫರಿ ಹೇಳಿದ್ದು ಮಿರೆಲ್ಲಾಳ ಕಿವಿಗೂ ಬಿತ್ತು.

ಬೆಂಚಿನಲ್ಲಿ ಉಳಿದಿದ್ದವರು ಐದು ಜನ. ಮೈಕೋಲನೂ ಸೇರಿ ನಾಲ್ವರು ಇಪ್ಪತ್ತೈದು ದಾಟಿದವರು. ತುದಿಯಲ್ಲಿ ಒಂದು ಹಸಿರು ಅಂಗಿ.

ಇಲಿಯಾಸ್ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಹಿಂದೆ ಪ್ಲಾಸ್ಟಿಕ್ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ನಾನು ಗೋಲ್‌ಕೀಪರ್, ಮಿಸ್ಟರ್," ಎಂದ.

"ಇವತ್ತಲ್ಲ," ಎಂದ ರುಜ್ಜೇರೊ. "ಅಂಗಿ ಬಿಚ್ಚು."

ಹಸಿರು ಅಂಗಿಯಲ್ಲಿ ಇಬ್ಬರು ಮೈದಾನದಲ್ಲಿ ಇರುವಂತಿಲ್ಲ. ರಕ್ತ ಸೋರಿದವರಿಗೆಂದು ಮಿರೆಲ್ಲಾಳ ಚೀಲದಲ್ಲಿ ನಂಬರಿಲ್ಲದ ಕಡುಗೆಂಪು ಅಂಗಿ ಒಂದು ಯಾವಾಗಲೂ ಇರುತ್ತಿತ್ತು. ಪಟ್ಟಿಯಲ್ಲಿ ಅವನ ನಂಬರು ಹನ್ನೆರಡು. ಅಂಗಿಯನ್ನು ಬೆಂಚಿನ ಮೇಲೆ ಹಾಸಿ, ಕಾಲುಚೀಲಕ್ಕೆ ಸುತ್ತುವ ಬಿಳಿ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಒಂದು ಉದ್ದ ಪಟ್ಟಿ, ಅದು ಒಂದು. ಎರಡಕ್ಕೆ ಐದು ತುಂಡು ಬೇಕು. ಅವಸರಕ್ಕೆ ಟೇಪು ಟೇಪಿಗೇ ಅಂಟಿಕೊಂಡಿತು. ಮತ್ತೊಂದು ತುಂಡು ಹರಿದಳು. ಮನೆಯಲ್ಲಿ ಪಾಸ್ತಾ ಹಿಟ್ಟು ಕತ್ತರಿಸುವಾಗ ಅವಳ ಕೈ ಕತ್ತಲಲ್ಲೂ ತಪ್ಪುತ್ತಿರಲಿಲ್ಲ. ರೆಫರಿ ಗಡಿಯಾರ ನೋಡುತ್ತಿದ್ದಳು. ನಾಲ್ಕನೇ ತುಂಡು, ಐದನೇ ತುಂಡು. ಎರಡು ಸ್ವಲ್ಪ ಸೊಟ್ಟಗಾಯಿತು, ಆದರೆ ಎರಡೇ. ಅಂಗೈಯಲ್ಲಿ ಒತ್ತಿ ಉಜ್ಜಿ ಅಂಗಿಯನ್ನು ಹುಡುಗನ ತಲೆಯ ಮೇಲಿಂದ ಇಳಿಸಿದಳು. ಅವನು ಇನ್ನೂ ಕೈಗವಸು ಹಾಕಿಕೊಂಡೇ ಇದ್ದ. ಅವನ್ನು ಎಳೆದು ತನ್ನ ಏಪ್ರನ್ ಜೇಬಿಗೆ ತುರುಕಿಕೊಂಡಳು.

ಹುಡುಗನ ಬರಿಗೈಗಳು ಮೊಣಕೈಯಿಂದ ತೂಗಾಡುತ್ತಿದ್ದವು, ಎಲ್ಲಿಡಬೇಕೆಂದು ತಿಳಿಯದ ಹಾಗೆ. ಮಿರೆಲ್ಲಾ ಅವೆರಡನ್ನೂ ಹಿಡಿದು ಅವನ ಚಡ್ಡಿಯ ಅಂಚಿಗೆ ತಂದಿಟ್ಟಳು.

"ಚೆಂಡು ನಿನ್ನ ಹತ್ರ ಬಂದಾಗೆಲ್ಲ ಇದನ್ನ ಹಿಡ್ಕೊ. ಎರಡೂ ಕೈಯಲ್ಲಿ. ಏನೇ ಆದ್ರೂ ಬಿಡಬೇಡ. ತಿಳೀತಾ?"

"ತಿಳೀತು, ಸಿನ್ಯೋರಾ."

"ಹೋಗು, ಕಂದ."

ಆಟ ಮತ್ತೆ ಶುರುವಾದಾಗ ರುಜ್ಜೇರೊ ಇಲಿಯಾಸನನ್ನು ಅಲ್ವೀಸೆಯ ಬದಿಗೆ ಕಳಿಸಿ, ನಿನ್ನ ಮುಂದೆ ಬಂದವನಿಗೆ ಅಡ್ಡ ನಿಲ್ಲು, ಅಷ್ಟು ಮಾಡು ಸಾಕು ಎಂದಿದ್ದ. ಪೊಂತಾಲ್ತೊದವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವರ ಚೆಂಡೆಲ್ಲ ಅದೇ ಬದಿಗೆ ಹರಿಯತೊಡಗಿತು. ಬೇಲಿಯ ಆಚೆಯಿಂದ ಅಂಗಿಗೆ ಟೇಪು ಸುತ್ತಿದ ಪಾರ್ಸಲ್ಲು ಯಾವ ಊರಿಗೆ ಎಂದು ಯಾರೋ ಕೇಳಿದರು. ಬೊರ್ಗೊರೀವದ ಬಾರಿನ ಮುದುಕನೊಬ್ಬ, ನಿಮ್ಮೂರಿಗೇ ಕಣಯ್ಯಾ, ಒಡೆದು ಹೋದೀತು, ಹುಷಾರು ಅಂದ.

ಮೊದಲ ಚೆಂಡು ಎತ್ತರದಲ್ಲಿ ಬಂತು. ಇಲಿಯಾಸನ ತೋಳುಗಳು ತಾವಾಗಿ ಎದೆಯವರೆಗೆ ಎದ್ದವು. ಬೆಂಚಿನಲ್ಲಿ ಕೂತವರೆಲ್ಲ ಉಸಿರು ಒಳಗೆ ಎಳೆದುಕೊಂಡರು. ಅರ್ಧದಲ್ಲೇ ಅವನಿಗೆ ನೆನಪಾಗಿ ಕೈಗಳು ಚಡ್ಡಿಗೆ ಬಿದ್ದವು. ಚೆಂಡು ಭುಜದ ಪಕ್ಕದಿಂದ ಹಾದು ಗೆರೆ ದಾಟಿತು. ರುಜ್ಜೇರೊ ಬಾಯಿ ಒರೆಸಿಕೊಂಡ. ಮಿರೆಲ್ಲಾ ಏಪ್ರನ್ ಜೇಬಿನೊಳಗೆ ಆ ಕೈಗವಸುಗಳನ್ನು ಹಿಂಡುತ್ತಿದ್ದಳು, ಒದ್ದೆ ಬಟ್ಟೆ ಹಿಂಡಿದ ಹಾಗೆ.

ಏಳು ನಿಮಿಷ. ಆರು. ಡೆನಿಸ್ ಒಂಬತ್ತು ತಿಂಗಳು ಆಡದ ಕಾಲನ್ನು ಎಳೆದುಕೊಂಡು ಮೈದಾನದ ಆ ತುದಿಗೂ ಈ ತುದಿಗೂ ಓಡುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ತನ್ನ ಹೆಸರಿನ ಮುಂದಿನ ಪೆನ್ಸಿಲ್ ಗುರುತು ಇಡೀ ಊರನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು ಎಂದು ಅವನು ಕನಸಲ್ಲೂ ಎಣಿಸಿರಲಾರ. ಅವನನ್ನು ನೋಡಿದಷ್ಟೂ ಮಿರೆಲ್ಲಾಗೆ ಕಣ್ಣು ಉರಿಯುತ್ತಿತ್ತು. ಸೋತರೆ, ಮೈಕೋಲ್ ಒಳಗಿದ್ದಿದ್ದರೆ ಉಳಿಯುತ್ತಿದ್ದೆವು ಎಂದು ಜನ ಹೇಳುತ್ತಾರೆ. ಮೈದಾನದ ಮಟ್ಟಿಗೆ ಅದು ನಿಜವೂ ಆಗಿರುತ್ತದೆ. ಅವಳು ಸರಿಯಾಗಿ ಚುಕ್ಕೆ ಇಟ್ಟಿದ್ದರೆ ರುಜ್ಜೇರೊ ಡೆನಿಸನ ಬದಲು ಬೇರೆ ಯಾರನ್ನೋ ಕಳಿಸುತ್ತಿದ್ದ, ಅಲ್ವೀಸೆಯನ್ನು ಜೋಪಾನ ಮಾಡುತ್ತಿದ್ದ, ಇನ್ನೊಬ್ಬ ಚಿಕ್ಕವನಿಗೆ ಜ್ವರದ ಮಾತ್ರೆ ನುಂಗಿಸಿಯಾದರೂ ಕರೆತರುತ್ತಿದ್ದ. ಬೆಂಚಿನ ಮೇಲೆ ಕೂತು ಅವಳು ಒಂದೊಂದೇ ಎಣಿಸಿಕೊಂಡಳು.

ನೂರಾ ಇಪ್ಪತ್ತನೇ ನಿಮಿಷ ಮುಗಿದು, ನಿಂತ ಹೊತ್ತಿಗೆಂದು ರೆಫರಿ ಮೂರು ನಿಮಿಷ ಸೇರಿಸಿದಳು. ಮಿರೆಲ್ಲಾ ನೆಲಕ್ಕೆ ಕೂತು, ಟೇಪು ಹರಿದು ಕಳೆದ ಮೂರು ನಿಮಿಷ. ಅದರ ಕೊನೆಯಲ್ಲಿ ಪೊಂತಾಲ್ತೊಗೆ ಕಾರ್ನರ್ ಸಿಕ್ಕಿತು.

ಅವರ ಗೋಲ್‌ಕೀಪರ್ ಕೂಡ ಗೋಲು ಬಿಟ್ಟು ಈ ತುದಿಗೆ ಬಂದ. ಗೋಲಿನ ಮುಂದೆ ಇಪ್ಪತ್ತೊಂದು ಜನ ತಳ್ಳಾಡುತ್ತಿದ್ದರು. ರುಜ್ಜೇರೊ ಗೆರೆಯ ತುದಿಯವರೆಗೆ ಓಡಿ, ಇಲಿಯಾಸ್, ದೂರದ ಕಂಬ, ದೂರದ ಕಂಬಕ್ಕೆ ಹೋಗು ಎಂದ. ಹುಡುಗ ಹೋಗಿ ಗೋಲು ಗೆರೆಯ ಮೇಲೆ ಕಂಬಕ್ಕೆ ಭುಜ ತಾಗಿಸಿ ನಿಂತ. ಇಡೀ ಮೈದಾನದಲ್ಲಿ ಅವನಿಗೆ ಗೊತ್ತಿದ್ದ ಜಾಗ ಅದೊಂದೇ. ಗೊತ್ತಿದ್ದದ್ದೇ ಅಪಾಯ ಎಂದು ಮಿರೆಲ್ಲಾಗೆ ಹೊಳೆಯಿತು. ಐದು ವರ್ಷದಿಂದ ವಾರಕ್ಕೆ ಮೂರು ಸಂಜೆ ಆ ಜಾಗದಲ್ಲಿ ನಿಂತು ಅವನು ಕಲಿತದ್ದು ಕೈ ಚಾಚುವುದನ್ನು.

ಚೆಂಡು ತಿರುಗಿಕೊಂಡು ಬಂತು. ಪೊಂತಾಲ್ತೊದ ಎತ್ತರದ ಆಟಗಾರ ಎಲ್ಲರಿಗಿಂತ ಮೇಲೆ ಹಾರಿ ತಲೆಯಲ್ಲಿ ಹೊಡೆದ. ಬೊರ್ಗೊರೀವದ ಗೋಲ್‌ಕೀಪರ್ ಆಗಲೇ ಈ ಬದಿಗೆ ಜಿಗಿದಾಗಿತ್ತು. ಚೆಂಡು ಆ ಬದಿಗೆ, ದೂರದ ಕಂಬದ ಮೂಲೆಗೆ, ಹುಡುಗನ ಮುಖದ ಎತ್ತರಕ್ಕೆ ಹೊರಟಿತ್ತು. ಮಿರೆಲ್ಲಾ ಅವನ ಮೊಣಕೈಗಳು ಹೊರಕ್ಕೆ ಏಳುವುದನ್ನು ನೋಡಿದಳು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ.

ಮೊಣಕೈಗಳು ಎದ್ದವು, ಮುಷ್ಟಿಗಳು ಏಳಲಿಲ್ಲ. ಮುಷ್ಟಿಯೊಳಗೆ ಚಡ್ಡಿಯ ಅಂಚಿತ್ತು.

ಚೆಂಡು ಅವನ ಮುಖದ ಮೇಲೆ, ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಂಥ ಸದ್ದಿನಲ್ಲಿ ಬಿತ್ತು. ಪುಟಿದು ತೊಮಾಸನ ಕಾಲ ಬಳಿ ಬಂದದ್ದನ್ನು ಅವನು ಕಣ್ಣು ಮುಚ್ಚಿ ಒದ್ದ. ಅದು ಬೇಲಿ ದಾಟಿ ಜೋಳದ ಹೊಲಕ್ಕೆ ಹೋಯಿತು.

ಪೊಂತಾಲ್ತೊದ ಆಟಗಾರರೆಲ್ಲ ರೆಫರಿಯ ಸುತ್ತ ಮುತ್ತಿಕೊಂಡರು. ಕೈ ಎಂದರು, ಗೋಲ್‌ಕೀಪರ್ ತಾನೇ ಅವನು, ಕೈಯಲ್ಲದೆ ಇನ್ನೇನು ಎಂದರು. ಹುಡುಗಿ ಅವರನ್ನು ಸರಿಸಿಕೊಂಡು ಕಂಬದ ಬಳಿ ನಡೆದಳು. ಇಲಿಯಾಸ್ ಅಲ್ಲೇ ಕೂತಿದ್ದ. ಮೂಗಿನಿಂದ ರಕ್ತ ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಅವನು ಕೈ ಎತ್ತಿರಲಿಲ್ಲ. ಎರಡೂ ಮುಷ್ಟಿಗಳು ಚಡ್ಡಿಯನ್ನು ಹಿಡಿದುಕೊಂಡೇ ಇದ್ದವು. ರೆಫರಿ ಆ ಮುಷ್ಟಿಗಳನ್ನು ನೋಡಿದಳು, ತಲೆ ಅಡ್ಡಡ್ಡ ಆಡಿಸಿದಳು, ಗಡಿಯಾರ ನೋಡಿ ಮೂರು ಸಲ ಸೀಟಿ ಊದಿದಳು.

ಆಮೇಲೆ ಜನ ಬೇಲಿ ಹಾರಿದರು. ಮಿರೆಲ್ಲಾ ಹತ್ತಿಯ ಸುರುಳಿ ಹಿಡಿದು ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಹುಡುಗನ ಪಕ್ಕದಲ್ಲಿ ಮೊಣಕಾಲೂರಿದಳು. ಈಗ ಬಿಡಬಹುದು, ಬಿಡು ಎಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಗೊತ್ತಾರ್ದೊ ಬಟ್ಟೆ ಬದಲಿಸುವ ಕೋಣೆಗಳ ದಾರಿಯಲ್ಲಿ ಅವಳಿಗಾಗಿ ಕಾದು ನಿಂತಿದ್ದ. ಪಟ್ಟಿಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದ.

"ಅರ್ಧ ಹೆಜ್ಜೆ, ಮಿರೆಲ್ಲಾ," ಎಂದ. "ಅರ್ಧ ಹೆಜ್ಜೆ ಬಾಕಿ ಇತ್ತು."

"ನೀನು ನಿನ್ನೋರನ್ನ ಸುಮ್ಮನಿರಿಸದೆ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ಅವಳು.

ಮುದುಕ ಮಡಿಸಿದ ಹಾಳೆಯನ್ನು ಜೇಬಿಗಿಟ್ಟ. ಅವನ ಮುಖದಲ್ಲಿ ಮೊದಲ ಸಲ ವಯಸ್ಸು ಕಂಡಿತು. ಥರ್ಮಾಸಿನಲ್ಲಿ ಚಹ ಉಳಿದಿದೆ, ಕುಡಿಯುತ್ತೀಯಾ ಎಂದು ಕೇಳಿದಳು. ಬೇಡವೆಂದು ಹೇಳಿದವನು, ಎರಡು ಹೆಜ್ಜೆ ಹೋಗಿ ವಾಪಸು ಬಂದು ಕುಡಿದ.

ಮೈದಾನದ ಪಕ್ಕದ ಬಾರಿನಲ್ಲಿ ಹಾಡು, ಸಾಸೇಜಿನ ಹೊಗೆ, ಮೇಜು ಬಡಿತ. ರುಜ್ಜೇರೊ ಕುರ್ಚಿ ಹತ್ತಿ ನಿಂತು, ತಾನು ಗಡಿಬಿಡಿಯಲ್ಲಿ ಚುಕ್ಕೆ ಎಣಿಸುವುದರಲ್ಲಿ ಎಡವಿದೆ, ಮಿರೆಲ್ಲಾ ಇಲ್ಲದಿದ್ದರೆ ಊರಿಗೆ ಮುಖ ತೋರಿಸುವ ಹಾಗಿರಲಿಲ್ಲ ಎಂದು ಎಲ್ಲರೆದುರು ಹೇಳಿದ. ಜನ ಅವಳ ಹೆಸರು ಕೂಗಿ ಗ್ಲಾಸು ಎತ್ತಿದರು. ಅವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕೊಳೆ ಅಂಗಿಗಳ ಬುಟ್ಟಿ. ಸುಮ್ಮನೆ ನಕ್ಕು ಹೋಗಿಬಿಡಬಹುದಿತ್ತು.

ಒಗೆಯುವ ಕೋಣೆಗೆ ಹೋಗಿ ಮಷೀನಿಗೆ ಅಂಗಿ ತುಂಬಿದಳು. ಆಮೇಲೆ ರುಜ್ಜೇರೊಗೆ ಹೇಳಿ ಕಳಿಸಿದಳು. ಅವನು ಗ್ಲಾಸು ಹಿಡಿದುಕೊಂಡೇ ಬಂದ. ಹನ್ನೆರಡು ವರ್ಷದವನಿದ್ದಾಗ ಅವನ ಅಂಗಿಯನ್ನೂ ಇದೇ ಕೋಣೆಯಲ್ಲಿ ಒಗೆದವಳು ಅವಳು. ಬೆಂಚಿನಿಂದ ತಂದ ಹಾಳೆಯನ್ನು ಅವನ ಮುಂದೆ ಬಿಡಿಸಿ ಡೆನಿಸನ ಹೆಸರಿನ ಮೇಲೆ ಬೆರಳಿಟ್ಟಳು.

ಅವನು ಬಾಗಿ ನೋಡಿದ.

"ಚುಕ್ಕೆ ಇದೆ," ಎಂದ.

"ನಾನೇ ಇಟ್ಟಿದ್ದು. ಬೆಳಿಗ್ಗೆ, ಮನೇಲಿ."

"ಅಂದ್ರೆ ನಾನು ಸರಿಯಾಗೇ ಎಣಿಸಿದ್ದೆ."

"ನೀನು ಸರಿಯಾಗೇ ಎಣಿಸಿದ್ದೆ. ಬಾ, ಒಳಗೆ ಹೋಗಿ ಎಲ್ರಿಗೂ ಹೇಳ್ತೀನಿ."

ರುಜ್ಜೇರೊ ತಲೆಕೆಳಗಾಗಿಟ್ಟ ಬುಟ್ಟಿಯ ಮೇಲೆ ಕುಕ್ಕರಿಸಿದ. ಗ್ಲಾಸಿನಲ್ಲಿದ್ದುದನ್ನು ಒಂದೇ ಗುಟುಕಿಗೆ ಮುಗಿಸಿದ. ಗೋಡೆಯಾಚೆ ಮೈಕೋಲ್ ತನ್ನ ಹರಿದ ಅಂಗಿಯ ಕಥೆಯನ್ನು ಮೂರನೇ ಸಲವೋ ನಾಲ್ಕನೇ ಸಲವೋ ಹೇಳುತ್ತಿದ್ದುದು ಕೇಳುತ್ತಿತ್ತು.

"ಅವ್ರಿಗೆ ಬೇಡ," ಎಂದ ಕೊನೆಗೆ. "ಹೇಳೋದಿದ್ರೆ ಡೆನಿಸ್‌ಗೆ ಹೇಳು. ಇನ್ಮೇಲೆ ಅವನು ಮರಿಯಲ್ಲ ಅಂತ." ಬಾಗಿಲವರೆಗೆ ಹೋದವನು ತಿರುಗಿದ. "ಮುಂದಿನ ವರ್ಷದಿಂದ ನೀನೊಂದ್ಸಲ, ನಾನೊಂದ್ಸಲ. ಇಬ್ರೂ ಎಣಿಸೋಣ."

ಮುಂದಿನ ವರ್ಷ ಎಂದು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಅವನು ಹೋದ ಮೇಲೆ ಅವಳು ಆ ಮಾತನ್ನು ತಾನೂ ಒಂದು ಸಲ ಹೇಳಿ ನೋಡಿದಳು.

ಟೇಪಿನ ಹನ್ನೆರಡು ಅಂಟಿಸಿದ ಅಂಗಿಯನ್ನು ಅವಳು ಉಳಿದವುಗಳ ಜೊತೆ ಹಾಕಿರಲಿಲ್ಲ. ರಕ್ತದ ಕಲೆಗೆ ಬಿಸಿನೀರು ತಾಗಿದರೆ ಕೂತುಬಿಡುತ್ತದೆ. ತೊಟ್ಟಿಯಲ್ಲಿ ತಣ್ಣೀರು ಬಿಟ್ಟು ನೆನೆಹಾಕಿ, ಸೋಪು ಉಜ್ಜತೊಡಗಿದಳು. ಬಾಗಿಲ ಬಳಿ ಇಲಿಯಾಸ್ ಬಂದು ನಿಂತ. ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ, ಕೈಯಲ್ಲಿ ಅರ್ಧ ತಿಂದ ಚೀಸ್ ಬ್ರೆಡ್ಡು.

"ಸಿನ್ಯೋರಾ, ನನ್ನ ಕೈಗವಸು ನಿಮ್ಮತ್ರ ಇದೆ," ಎಂದ. ಹತ್ತಿಯಿಂದಾಗಿ ಸ್ವರ ಬಿಗಿದಿತ್ತು. "ಮಂಗಳವಾರ ಪ್ರಾಕ್ಟೀಸ್ ಇದ್ಯಂತೆ."

ಕೈ ಒದ್ದೆ, ನೀನೇ ತಗೋ ಎಂದು ಅವಳು ಏಪ್ರನ್ ಜೇಬನ್ನು ಅವನತ್ತ ತಿರುಗಿಸಿದಳು. ಕಾರು ಹೊರಡುವುದಕ್ಕೆ ಇನ್ನೂ ಹತ್ತು ನಿಮಿಷವಿದೆ, ಕೂತು ತಿನ್ನು ಎಂದಳು. ಹುಡುಗ ಬುಟ್ಟಿಯ ಮೇಲೆ ಕೂತ. ಅವಳು ಕಲೆ ಉಜ್ಜುತ್ತಲೇ ಇದ್ದಳು.